ಆಪರೇಷನ್ ಹಿಂದಿನ ರಾತ್ರಿ ಹೊಟ್ಟೆಗೆ ಬ್ಲೇಡ್ ತಾಗಿಸಬೇಡಿ

ಅಪ್ಪನಿಗೆ ಮುಂದಿನ ವಾರ ಜಠರದ ಆಪರೇಷನ್, ಸೋಂಕು ಆಗದಿರಲು ಬೆಂಗಳೂರಲ್ಲಿ ಯಾವ ಆಸ್ಪತ್ರೆ ಒಳ್ಳೆಯದು, ಜೋರಾದ ಆ್ಯಂಟಿಬಯಾಟಿಕ್ ಬರೆಸಬೇಕಾ ಅಂತ ಕೇಳಿದ್ದೀರಿ. 2017ರಲ್ಲಿ ನಾನೂ ಇದನ್ನೇ ಸಿಕ್ಕವರಿಗೆಲ್ಲ ಕೇಳಿಕೊಂಡು ಓಡಾಡಿದ್ದೆ.

ನನಗೆ ಹಳೇ ಅಲ್ಸರ್. ಜಠರದಿಂದ ಕರುಳಿಗೆ ಹೋಗುವ ದಾರಿಯೇ ಕಟ್ಟಿಕೊಂಡಿತ್ತು. ಬೆಳಗ್ಗೆ ತಿಂದ ಇಡ್ಲಿ ಸಂಜೆ ವಾಂತಿಯಲ್ಲಿ ಬರುತ್ತಿತ್ತು. ಕೊನೆಗೆ ಒಂದು ಆಸ್ಪತ್ರೆ ಆರಿಸಿದೆ. ಅಲ್ಲಿ, ಕೂದಲು ತೆಗೆಯಬೇಕಾದರೆ ನಾವೇ ನೋಡಿಕೊಳ್ಳುತ್ತೇವೆ, ನೀವು ಸ್ನಾನ ಮಾಡಿ ಬನ್ನಿ ಸಾಕು ಅಂದಿದ್ದರು.

ನನಗೆ ನಾಚಿಕೆ. ಯಾರೋ ಬಂದು ನನ್ನ ಹೊಟ್ಟೆ ಶೇವ್ ಮಾಡುವುದು ಬೇಡ ಅನಿಸಿತು. ಹಿಂದಿನ ರಾತ್ರಿ ವಿಜಯನಗರದ ಮನೆಯ ಬಚ್ಚಲಲ್ಲಿ ನಾನೇ ರೇಜರ್ ಹಿಡಿದೆ. ಹೊಕ್ಕಳ ಮೇಲೆ ಎರಡು ಕಡೆ ಸಣ್ಣಗೆ ಗೀರಿತು. ರಕ್ತವೂ ಸರಿಯಾಗಿ ಬರಲಿಲ್ಲ. ಯಾರಿಗೂ ಹೇಳಲಿಲ್ಲ.

ಈ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬ್ಲೇಡ್ ಹಾಕಿದಾಗ ಕಣ್ಣಿಗೆ ಕಾಣುವ ಗೀರು ಎರಡೇ ಇರಬಹುದು, ಕಾಣದವು ಎಷ್ಟೋ. ನಮ್ಮ ಚರ್ಮದ ಮೇಲೆ ಬ್ಯಾಕ್ಟೀರಿಯಾ ಯಾವಾಗಲೂ ಇರುತ್ತವೆ. ಅವು ಆ ಗೀರುಗಳಲ್ಲಿ ಕೂತು ರಾತ್ರಿಯೆಲ್ಲ ಬೆಳೆಯುತ್ತವೆ. ಬೆಳಗ್ಗೆ ಸರ್ಜನ್ ಕೊಯ್ಯುವುದು ಅದೇ ಜಾಗದಲ್ಲಿ! ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆಯ 2016ರ ಮಾರ್ಗಸೂಚಿ, ಕೂದಲು ತೆಗೆಯಲೇಬೇಡಿ, ಬೇಕೇಬೇಕಾದರೆ ಕ್ಲಿಪ್ಪರ್ (ಚರ್ಮ ಕೆರೆಯದೆ ಕೂದಲು ಕತ್ತರಿಸುವ ಯಂತ್ರ) ಬಳಸಿ, ರೇಜರ್ ಮಾತ್ರ ಬೇಡ ಅನ್ನುತ್ತದೆ. ಇಷ್ಟು ಮೊದಲೇ ಗೊತ್ತಿದ್ದಿದ್ದರೆ!

ಆಪರೇಷನ್ ಆದ ಐದನೇ ದಿನ ಜ್ವರ ಬಂತು. ಹೊಲಿಗೆಯ ಸುತ್ತ ಕೆಂಪಗಾಗಿ ಬಿಸಿಯಾಯಿತು, ಆಮೇಲೆ ಕೀವು. ಕೀವನ್ನು ಲ್ಯಾಬ್‌ನಲ್ಲಿ ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಯಲ್ಲಿ ಸ್ಟೆಫೈಲೋಕಾಕಸ್ ಅನ್ನೋ ಬ್ಯಾಕ್ಟೀರಿಯಾ ಬಂತು. "ಇದು ಚರ್ಮದ ಮೇಲೆ ಇರುವಂಥದ್ದು. ಶೇವ್ ಮಾಡಿಕೊಂಡಿದ್ರಾ?" ಅಂದರು ಸರ್ಜನ್. ಆಗ ಒಪ್ಪಿಕೊಂಡೆ. ಅದೊಂದೇ ಕಾರಣ ಅಂತ ಅವರೂ ಹೇಳಲಿಲ್ಲ. ಆದರೆ ನಾನು ಆ ರಾತ್ರಿಯನ್ನೇ ದೂರುತ್ತೇನೆ. ಹೊಲಿಗೆ ಬಿಚ್ಚಿ, ಗಾಯ ತೆರೆದಿಟ್ಟು, ಒಂದು ತಿಂಗಳು ದಿನಾ ಡ್ರೆಸ್ಸಿಂಗ್. ಮಾಗಡಿ ರಸ್ತೆಯಲ್ಲಿ ಆಟೋ ಹಂಪ್ ಹತ್ತಿದಾಗಲೆಲ್ಲ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಳ್ಳುತ್ತಿದ್ದೆ.

ಹಾಗಾಗಿ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅನ್ನುತ್ತೇನೆ, ಬೇಜಾರಾಗಬೇಡಿ. ಆಸ್ಪತ್ರೆ ಶುಚಿಯಾಗಿರಬೇಕು, ನಿಜ. ಆದರೆ ಬ್ಯಾಕ್ಟೀರಿಯಾ ಜಾಸ್ತಿ ಬರುವುದು ರೋಗಿಯ ಮೈಯಿಂದಲೇ. ಚರ್ಮದ ಮೇಲಷ್ಟೇ ಅಲ್ಲ, ಬಾಯಿಂದ ಹೊಟ್ಟೆಯೊಳಗೂ ಹೋಗುತ್ತವೆ; ಅಲ್ಲಿ ಜಠರದ ಆ್ಯಸಿಡ್ ಹೆಚ್ಚಿನವನ್ನು ಕೊಲ್ಲುತ್ತದೆ. ಅಪ್ಪ ದಿನಾ ಪ್ಯಾಂಟೊಪ್ರಜೋಲ್ ಥರದ ಗ್ಯಾಸ್ ಮಾತ್ರೆ ನುಂಗುತ್ತಿದ್ದರೆ ಆ್ಯಸಿಡ್ ಕಮ್ಮಿಯಾಗಿ ಒಳಗೂ ಅವು ಬೆಳೆದಿರಬಹುದು, ಜಠರ ತೆರೆದಾಗ ಗಾಯಕ್ಕೂ ತಾಗಬಹುದು. ನೀವಾಗಿ ಮಾತ್ರೆ ನಿಲ್ಲಿಸಬೇಡಿ, ಸರ್ಜನ್‌ಗೆ ಹೇಳಿ. ಶುಗರ್ ಇದ್ದರೆ ಅದನ್ನೂ ಹೇಳಿ. ಬೀಡಿ ಸಿಗರೇಟು ಇದ್ದರೆ ಇವತ್ತೇ ಬಿಡಿಸಿ.

ಜೋರಾದ ಆ್ಯಂಟಿಬಯಾಟಿಕ್ ಬೇಕು ಅಂತ ಹಟ ಮಾಡಬೇಡಿ. ಸೋಂಕು ತಡೆಯುವ ಇಂಜೆಕ್ಷನ್ ಸಾಮಾನ್ಯವಾಗಿ ಕೊಯ್ಯುವ ಮುಂಚಿನ ಒಂದು ಗಂಟೆಯೊಳಗೆ ಕೊಡುತ್ತಾರೆ. ಮುಖ್ಯ ಆ ಸಮಯ. ಆಪರೇಷನ್ ಆದಮೇಲೆ ಸುಮ್ನೆ ವಾರಗಟ್ಟಲೆ ನುಂಗಿದರೆ ಗಾಯಕ್ಕೆ ಹೆಚ್ಚಿನ ರಕ್ಷಣೆ ಏನೂ ಸಿಗುವುದಿಲ್ಲ. ಮನೆಗೆ ಬಂದಮೇಲೆ ಗಾಯ ಕೆಂಪಾದರೆ, ಜ್ವರ ಬಂದರೆ, ನೋವು ಏರುತ್ತಾ ಹೋದರೆ ಅರಿಶಿನ ಮೆತ್ತಿ ಕಾಯಬೇಡಿ. ಅದೇ ದಿನ ಕರೆದುಕೊಂಡು ಹೋಗಿ.

ಶೇವಿಂಗ್ ವಿಷಯ ಅಪ್ಪನ ಹತ್ತಿರ ಮಾತಾಡಲು ನಿಮಗೆ ಸಂಕೋಚ ಆಗಬಹುದು. ಹಾಗಿದ್ದರೆ ಸಿಸ್ಟರ್ ಕೈಲಿ ಹೇಳಿಸಿ, ಅಡ್ಮಿಟ್ ಆಗುವ ಮುಂಚೆಯೇ.