ಹಗಲು ಮಲಗುವವರಿಗೆ ಯಾವ ಊರು ಮೌನ?

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಶ್ರೀಮತಿ ವಿ., 34 ವರ್ಷ. ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ನರ್ಸ್. ತಿಂಗಳಲ್ಲಿ ಹೆಚ್ಚುಕಡಿಮೆ ಅರ್ಧ ರಾತ್ರಿಪಾಳಿ. ಪತಿ ಕನ್ನಡ ಮಾಧ್ಯಮ ಶಾಲೆಯ ಮಾಷ್ಟ್ರು. ಬಾಡಿಗೆ ಮನೆ ಕಾಸರಗೋಡು ಪೇಟೆಯ ಅಂಚಿನಲ್ಲಿ, ಷಟ್ಪಥ ಹೆದ್ದಾರಿಯಿಂದ ಸುಮಾರು ನೂರು ಮೀಟರ್. ಏಳೆಂಟು ತಿಂಗಳಿಂದ ನಿದ್ದೆ ಕೆಟ್ಟಿದೆ, ಮನೆಯಲ್ಲಿ ಮಾತು ಕೂಡ. ಇಬ್ಬರೂ ಆಪ್ತಸಲಹೆಗೆ ಬಂದದ್ದು ಇದಕ್ಕೇ. ಬದಿಯಡ್ಕದ ಕಡೆ ಒಳಗೆ, ಅಡಿಕೆ ತೋಟದ ನಡುವಿನ ಒಂದು ಮನೆಗೆ ಮುಂಗಡ ಕೊಡಲು ಮಾಷ್ಟ್ರು ತಯಾರು. "ರಾತ್ರಿ ಹತ್ತಕ್ಕೆ ಹೋಗಿ ನಿಂತಿದ್ದೇನೆ ಡಾಕ್ಟ್ರೇ, ಒಂದು ಎಲೆ ಬಿದ್ದರೂ ಕೇಳ್ತದೆ." ಪತ್ನಿಯ ಉತ್ತರ ಒಂದೇ: "ಮನೆ ಚೆಂದ ಉಂಟು. ಆದ್ರೆ ನಾನು ಮಲಗುವುದು ರಾತ್ರಿ ಹತ್ತಕ್ಕಲ್ಲ, ಬೆಳಗ್ಗೆ ಹತ್ತಕ್ಕೆ."

ಜಗಳದ ಗಂಟು ಈ ವಾಕ್ಯದಲ್ಲೇ ಇತ್ತು. ಮನೆ ಹುಡುಕುವವರೆಲ್ಲ ರಾತ್ರಿಯ ಮೌನವನ್ನು ಅಳೆಯುತ್ತಾರೆ. 2000ದ ಶಬ್ದಮಾಲಿನ್ಯ ನಿಯಮವೂ ಹಾಗೆಯೇ: ವಸತಿ ಪ್ರದೇಶದಲ್ಲಿ ಬೆಳಗ್ಗೆ 6ರಿಂದ ರಾತ್ರಿ 10ರವರೆಗೆ 55 ಡೆಸಿಬಲ್, ಉಳಿದ ಹೊತ್ತು 45. ರಾತ್ರಿಪಾಳಿಯವರ ನಡುರಾತ್ರಿ ಕಾನೂನಿನ ಪ್ರಕಾರ ಹಾಡುಹಗಲು.

ಮನೆ ನೋಡುವುದನ್ನು ಎರಡು ವಾರ ನಿಲ್ಲಿಸಿ, ನಿದ್ದೆಯ ದಿನಚರಿ ಬರೆಯಲು ಹೇಳಲಾಯಿತು. ನಾಲ್ಕೇ ಕಲಂ: ಮಲಗಿದ ಹೊತ್ತು, ಎಚ್ಚರವಾದ ಹೊತ್ತು, ಎಬ್ಬಿಸಿದ್ದು ಏನು, ಮತ್ತೆ ನಿದ್ದೆ ಹತ್ತಲು ಎಷ್ಟು ನಿಮಿಷ. ಪಾಳಿಯ ದಿನಗಳಲ್ಲಿ ಒಟ್ಟು 23 ಸಲ ಎಚ್ಚರ. ಹೆದ್ದಾರಿಯ ಲೆಕ್ಕಕ್ಕೆ ಬಂದದ್ದು ನಾಲ್ಕು. ಹನ್ನೊಂದು ಸಲ ಎಬ್ಬಿಸಿದ್ದು ಮೀನಿನ ಗಾಡಿಯ ಹಾರ್ನ್, ಕರೆಗಂಟೆ, ಫೋನ್. ಉಳಿದ ಎಂಟು ಸಲ ಯಾವ ಶಬ್ದವೂ ಇರಲಿಲ್ಲ. ಬೆಳಕು, ಸೆಕೆ ಮತ್ತು ಹಗಲಲ್ಲಿ ಮಲಗಲು ಒಪ್ಪದ ದೇಹ. ಎಲ್ಲಿಗೆ ಹೋದರೂ ಈ ಎಂಟು ಜೊತೆಗೇ ಬರುತ್ತವೆ. ಒಂದೇ ಸಮನೆ ಹರಿಯುವ ವಾಹನದ ಸದ್ದಿಗಿಂತ ಇದ್ದಕ್ಕಿದ್ದಂತೆ ಏಳುವ ಸದ್ದು ನಿದ್ದೆಗೆ ಹೆಚ್ಚು ಕೆಟ್ಟದ್ದು ಎಂಬುದನ್ನೂ ಮಾಷ್ಟ್ರು ಈ ದಿನಚರಿ ನೋಡಿಯೇ ಒಪ್ಪಿದರು.

ತೋಟದ ಮನೆಯನ್ನು ಅವರು ನೋಡಿದ್ದು ಜುಲೈಯ ಒಂದು ರವಿವಾರ. ಮಳೆಗಾಲದಲ್ಲಿ ಕೆಂಪುಕಲ್ಲಿನ ಕೋರೆಗಳಲ್ಲಿ ನೀರು ನಿಂತು ಕೆಲಸ ಸಾಮಾನ್ಯವಾಗಿ ನಿಂತಿರುತ್ತದೆ. ಮಳೆ ಬಿಟ್ಟ ಮೇಲೆ ಕಲ್ಲು ಕೊಯ್ಯುವ ಯಂತ್ರ ಬೆಳಗ್ಗೆಯೇ ಶುರು, ಜೊತೆಗೆ ಲಾರಿಗಳು. ತೋಟದಲ್ಲಿ ಹುಲ್ಲು ಹೆರೆಯುವ ಯಂತ್ರ ಇದ್ದೇ ಇದೆ. ಆದ್ದರಿಂದ ಕೊಟ್ಟ ಸಲಹೆ ಇದು: ಯಾವ ಮನೆಯಾದರೂ ಐದು ಸಲ ನೋಡಿ. ವಾರದ ಎರಡು ಕೆಲಸದ ದಿನ ಬೆಳಗ್ಗೆ 10ರಿಂದ 12, ಒಂದು ದಿನ ಮಧ್ಯಾಹ್ನ 3, ಒಂದು ಶನಿವಾರ ಸಂಜೆ, ಒಂದು ನಸುಕು. ಮಲಗುವ ಕೋಣೆಯಲ್ಲೇ, ಕಿಟಕಿ ಮುಚ್ಚಿ, ಇಪ್ಪತ್ತು ನಿಮಿಷ ಸುಮ್ಮನೆ ಕೂರಬೇಕು. ಫೋನಿನ ಡೆಸಿಬಲ್ ಆ್ಯಪ್ ಅಂಕಿಯನ್ನು ಪ್ರಮಾಣವೆಂದು ನಂಬಬೇಡಿ. ಒಂದೇ ಫೋನಿನಲ್ಲಿ ಎರಡು ಮನೆ ಹೋಲಿಸಲು ಸಾಕು. ಸರಾಸರಿಯ ಜೊತೆ ಅತಿ ಹೆಚ್ಚಿನ ಅಂಕಿಯನ್ನೂ ಬರೆದಿಡಿ. ಮಳೆಗಾಲದಲ್ಲಿ ನೋಡುವುದಾದರೆ ಅಕ್ಕಪಕ್ಕದವರಲ್ಲಿ ಕೇಳಬೇಕಾದ್ದು, "ಡಿಸೆಂಬರಿನಿಂದ ಮೇ ತನಕ ಇಲ್ಲಿ ಏನೇನು ನಡೀತದೆ?" ಕೋರೆ, ಜಾತ್ರೆ, ಕೋಲ, ಆಡಿಟೋರಿಯಂನ ಮದುವೆ ಜನರೇಟರ್ ಎಲ್ಲ ಈ ಒಂದು ಪ್ರಶ್ನೆಗೆ ಹೊರಬರುತ್ತವೆ.

ದೂರದ ಬಗ್ಗೆ ಜನರ ಲೆಕ್ಕ ಬಹಳ ತಪ್ಪುತ್ತದೆ. ಉದ್ದಕ್ಕೆ ವಾಹನ ಓಡುವ ಹೆದ್ದಾರಿಯಿಂದ 50 ಮೀಟರ್ ಬಿಟ್ಟು 100ಕ್ಕೆ ಹೋದರೆ ತೆರೆದ ಜಾಗದಲ್ಲಿ ಇಳಿಯುವುದು ಸುಮಾರು 3 ಡೆಸಿಬಲ್. ಕಿವಿಗೆ ಗೊತ್ತಾದರೆ ಹೆಚ್ಚು. ಒಂದೇ ಕಡೆ ನಿಂತ ಯಂತ್ರವಾದರೆ ದೂರ ಇಮ್ಮಡಿಯಾದಾಗ 6 ಇಳಿಯುತ್ತದೆ. ಹೆದ್ದಾರಿಯಿಂದ ತಪ್ಪಿಸಿಕೊಳ್ಳಲು ದೂರಕ್ಕಿಂತ ನಡುವೆ ಒಂದು ಗುಡ್ಡೆಯ ಅಡ್ಡ ಇರುವುದು ಮೇಲು. ಮೇಲ್ಸೇತುವೆಯ ಹತ್ತಿರವಾದರೆ ಕೆಳಗಿನ ಮನೆಗಿಂತ ಮಾಳಿಗೆಗೆ ಸದ್ದು ಜಾಸ್ತಿ. ಕರಾವಳಿ ಬದಿಯ ಮನೆಗಳಿಗೆ ರೈಲಿನದ್ದೇ ಬೇರೆ ಕಥೆ. ರೈಲ್ವೆ ಗೇಟು ಕಣ್ಣಿಗೆ ಕಾಣದಷ್ಟು ದೂರ ಎಂದು ನಿಶ್ಚಿಂತರಾಗುವಂತಿಲ್ಲ. ಗೇಟಿಗಿಂತ ಸಾಮಾನ್ಯವಾಗಿ 600 ಮೀಟರ್ ಮೊದಲೇ ಸೀಟಿ ಫಲಕ ಇರುತ್ತದೆ, ಹಾರ್ನ್ ಅಲ್ಲಿಂದಲೇ ಶುರು. ಹಳಿಯ ಬದಿಯಲ್ಲಿ ಹಳದಿ ಫಲಕ ಎಲ್ಲಿದೆ ಎಂದು ನೋಡಿಕೊಂಡೇ ಮುಂಗಡ ಕೊಡಿ.

ಮನೆಯ ಒಳಗೆ: ಕೋಣೆ ರಸ್ತೆಗೆ ಬೆನ್ನು ಹಾಕಿರಲಿ, ಬಾಗಿಲಿನ ಅಡಿಯ ಸಂದಿಗೆ ರಬ್ಬರ್ ಪಟ್ಟಿ, ಕಿಟಕಿಗೆ ಬೆಳಕು ತಡೆಯುವ ದಪ್ಪ ಪರದೆ, ಕಿವಿಗೆ ಸ್ಪಂಜಿನ ಪ್ಲಗ್, ಫ್ಯಾನಿನ ಏಕನಾದ. ಪಾಳಿಯ ದಿನ ಕರೆಗಂಟೆಯ ಸ್ವಿಚ್ ಆರಿಸಿ, ಮೀನಿನವನಿಗೆ ಒಂದು ಮಾತು ಹೇಳಿ. ಹಂಚಿನ ಮನೆ, ಟೆರೇಸಿಗೆ ಶೀಟು ಹೊದಿಸಿದ ಮನೆ ಎರಡನ್ನೂ ಮಳೆ ಬರುವಾಗಲೇ ಪರೀಕ್ಷಿಸಬೇಕು. ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಸುರಿಯುವ ಜಿಲ್ಲೆಯಲ್ಲಿ ಶೀಟಿನ ಮೇಲಿನ ಮಳೆ ಹೆದ್ದಾರಿಗೇನೂ ಕಮ್ಮಿಯಲ್ಲ.

ಮುಖ್ಯವಾದ ಒಂದು ವಿಷಯ ಮೂರನೇ ಭೇಟಿಯಲ್ಲಿ ಹೊರಬಂತು. ಮಾಷ್ಟ್ರು ಶಾಲೆಗೆ ಹೋದ ಮೇಲೆ ತೋಟದ ಮನೆಯಲ್ಲಿ ಒಬ್ಬಳೇ ಮಲಗಲು ವಿ.ಗೆ ಹೆದರಿಕೆ. ಅದನ್ನು ಹೇಳಲು ನಾಚಿಕೆ, ಹಾಗಾಗಿ ಆಕ್ಷೇಪವೆಲ್ಲ "ರೈಲ್ವೆ ಸ್ಟೇಷನ್ ದೂರ" ಎಂಬ ರೂಪ ತಾಳಿತ್ತು. ಹೆದರಿ ಕಾಯುವ ಕಿವಿಗೆ ತೆಂಗಿನ ಮಡಲು ಬಿದ್ದರೂ ಎಚ್ಚರ. ಕೂಗಿದರೆ ಕೇಳುವ ದೂರದಲ್ಲಿ ಒಂದು ಮನೆ ಇರಬೇಕೆಂಬುದು ಬೇಡಿಕೆಯ ಪಟ್ಟಿಯಲ್ಲಿ ಮೊದಲು ಬಂತು. ಸದ್ದಿಗೆ ಬೈಯುವುದನ್ನು ಬಿಟ್ಟು "ಇವತ್ತು ಎಷ್ಟು ಗಂಟೆ ಮಲಗಿದೆ" ಎಂದಷ್ಟೇ ಕೇಳಲು ಮಾಷ್ಟ್ರಿಗೆ ಹೇಳಲಾಯಿತು. ವಾರಕ್ಕೆ ಮೂರು ದಿನಕ್ಕಿಂತ ಹೆಚ್ಚು, ಮೂರು ತಿಂಗಳಿಗೂ ಮೀರಿ ನಿದ್ದೆ ಕೆಟ್ಟಿದ್ದರಿಂದ ಥೈರಾಯ್ಡ್, ರಕ್ತಹೀನತೆ ಪರೀಕ್ಷೆಗೆ ವೈದ್ಯರಲ್ಲಿಗೂ ಕಳುಹಿಸಲಾಯಿತು.

ಕೊನೆಗೆ ಮಧೂರು ಬದಿಯಲ್ಲಿ, ಮುಖ್ಯರಸ್ತೆಯಿಂದ ಒಂದು ತಿರುವು ಒಳಗೆ, ಗುಡ್ಡೆಯ ಆಚೆ ಮಗ್ಗುಲಿನ ಮನೆಯನ್ನು 11 ತಿಂಗಳ ಕರಾರಿಗೆ ಪಡೆದರು. ಖರೀದಿಯ ಮಾತು ಒಂದು ಬೇಸಗೆ, ಒಂದು ಮಳೆಗಾಲ ಕಳೆದ ಮೇಲೆ. ಆರು ವಾರದ ನಂತರದ ದಿನಚರಿಯಲ್ಲಿ ಎರಡು ವಾರಕ್ಕೆ ಒಂಬತ್ತು ಎಚ್ಚರ, ಐದು ಸದ್ದಿಲ್ಲದವು. ಟೆರೇಸಿನ ಮೇಲೆ ಶೀಟಿದೆ, ಜೂನಿನಲ್ಲಿ ನೋಡಬೇಕು.