ಲಕ್ಷದ್ವೀಪದ ತಡೆಗೋಡೆ ನೀರಿನೊಳಗಿದೆ

ಪ್ರಶ್ನೆ: ಲಕ್ಷದ್ವೀಪ ಪ್ರವಾಸ ಮುಗಿಸಿ ಬಂದೆವು. ದಡದುದ್ದಕ್ಕೂ ನಾಲ್ಕು ಕಾಲಿನ ಕಾಂಕ್ರೀಟ್ ದಿಮ್ಮಿ, ಅಂದರೆ ಟೆಟ್ರಾಪಾಡ್‌ಗಳನ್ನು ಸುರಿದಿದ್ದಾರೆ. ಅದರ ಬದಲು ನಮ್ಮ ಕುಮಟಾ ಕಡೆಯಂತೆ ಕಾಂಡ್ಲಾ (ಮ್ಯಾಂಗ್ರೋವ್) ನೆಟ್ಟರೆ ಚಂಡಮಾರುತದಿಂದ ದ್ವೀಪ ಉಳಿಯುವುದಿಲ್ಲವೇ?
– ಓದುಗರೊಬ್ಬರು, ಶಿರಸಿ

ಉತ್ತರ: ಕಾಂಡ್ಲಾಕ್ಕೆ ಕೆಸರು ಬೇಕು, ಅಘನಾಶಿನಿಯಂಥ ನದಿ ತಂದು ಹಾಕುವ ಹೂಳು ಬೇಕು. ಲಕ್ಷದ್ವೀಪದಲ್ಲಿ ನದಿಯೇ ಇಲ್ಲ. ಮಿನಿಕಾಯ್‌ನಲ್ಲಿ ಒಂದಿಷ್ಟು ಕಾಂಡ್ಲಾ ಇದೆ, ಅಷ್ಟೇ. ಅಲ್ಲಿ ಅಲೆಯನ್ನು ತಡೆಯುವುದು ಹವಳದ ದಿಬ್ಬ.

ನನ್ನ ತಂದೆ ಮಂಗಳೂರಿನ ಹಳೆ ಬಂದರಿನ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಅಮಿನಿ, ಕಡಮತ್, ಕಿಲ್ತಾನ್ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಲ್ಲಿಯ ತೆಂಗಿನ ನಾರಿನ ಹುರಿ ಇಲ್ಲಿ ಇಳಿಯುತ್ತಿತ್ತು, ಇಲ್ಲಿಯ ಅಕ್ಕಿ ಅಲ್ಲಿಗೆ ಹೋಗುತ್ತಿತ್ತು. ಆ ಜನ ಮಳೆಗಾಲದಲ್ಲಿ ನಿದ್ದೆ ಹೇಗೆ ಮಾಡುತ್ತಾರೆ ಎಂದು ಚಿಕ್ಕಂದಿನಲ್ಲಿ ಕೇಳಿದ್ದೆ. ಉತ್ತರ ಸಿಕ್ಕಿದ್ದು ಕಡಮತ್‌ಗೆ ಹೋದಾಗ. ಪಡುವಣದ ದಿಬ್ಬದ ಅಂಚಿನಲ್ಲಿ ಅಲೆ ಎದ್ದು, ಗುಡುಗಿ, ನೊರೆಯಾಗಿ ಕುಸಿಯುತ್ತಿತ್ತು. ಈಚೆ, ದಿಬ್ಬಕ್ಕೂ ದಡಕ್ಕೂ ನಡುವಿನ ಶಾಂತ ನೀರಾದ ಲಗೂನ್‌ನ ಮೊಣಕಾಲುದ್ದದ ನೀರಿನಲ್ಲಿ ನಿಂತಿದ್ದ ನನಗೆ, ಎತ್ತಿ ಕಟ್ಟಿದ ಪಂಚೆಯ ಅಂಚೂ ಒದ್ದೆಯಾಗಲಿಲ್ಲ.

ಆಳದಿಂದ ಬರುವ ಅಲೆ ದಿಬ್ಬಕ್ಕೆ ಎಡವಿ ಮುರಿಯುತ್ತದೆ. ಅಳಿದುಳಿದ ರಭಸವನ್ನು ಹವಳದ ಒರಟು ಮೈ ಸವೆಸುತ್ತದೆ. ಹಲವು ದೇಶಗಳ ಅಳತೆಗಳನ್ನು ಕೂಡಿಸಿ 2014ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಇಂಥ ದಿಬ್ಬಗಳು ಅಲೆಯ ಶಕ್ತಿಯನ್ನು ಸರಾಸರಿ ಶೇ 97ರಷ್ಟು ಕುಗ್ಗಿಸುತ್ತವೆ. ದ್ವೀಪದ ಮರಳು ಕೂಡ ಹವಳದ್ದೇ. ಗಿಳಿಮೀನು ಹವಳವನ್ನು ಕೆರೆದು ತಿಂದು, ಪುಡಿಮಾಡಿ ವಿಸರ್ಜಿಸುತ್ತದೆ. ನೀವು ಫೋಟೊ ತೆಗೆಸಿಕೊಂಡ ಬೆಳ್ಳನೆಯ ಮರಳಿನಲ್ಲಿ ಅದರ ಪಾಲೂ ಇದೆ, ಬೇಸರಿಸಬೇಡಿ.

ಆದರೆ ಹವಳ ಬದುಕಿದ್ದರಷ್ಟೇ ಈ ಗೋಡೆ ತನ್ನನ್ನು ತಾನೇ ದುರಸ್ತಿ ಮಾಡಿಕೊಳ್ಳುತ್ತದೆ. 1998, 2010, 2016, ಮತ್ತೆ 2024ರಲ್ಲಿ ಕಡಲು ಕಾದು ಅಲ್ಲಿಯ ಹವಳ ಬಿಳಿಚಿಕೊಂಡಿತು. ಹೀಗೆ ಬಿಳಿಚಿ ಸತ್ತ ಹವಳ ಸವೆದಂತೆ ದಿಬ್ಬ ತಗ್ಗಾಗುತ್ತದೆ. ದ್ವೀಪವೋ ನೀರಿಗಿಂತ ಒಂದೆರಡು ಮೀಟರ್ ಎತ್ತರ, ಅಷ್ಟೇ.

ಟೆಟ್ರಾಪಾಡ್ ತನ್ನ ಬೆನ್ನ ಹಿಂದಿನ ಜಾಗವನ್ನು ಕಾಯುತ್ತದೆ; ಸಾಲು ಮುಗಿದಲ್ಲಿ ಪಕ್ಕದ ಮರಳು ಕೊಚ್ಚಿಹೋಗುತ್ತದೆ. ಉಳ್ಳಾಲದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಜೆಟ್ಟಿಯ ಮುಂದೆ, ಲಗೂನ್ ಹೆಸರಿಗಷ್ಟೇ ಇರುವ ಆಂದ್ರೋತ್‌ನಂಥ ಕಡೆ ಬೇಡವೆನ್ನಲಾರೆ. ಗಿಡವನ್ನೇ ನೆಡುವುದಾದರೆ ಮರಳು ಹಿಡಿಯುವ ಕೇದಗೆ ನೆಡಲಿ.

ಅಂದಹಾಗೆ, ಚೀಲದಲ್ಲಿ ಹವಳದ ಚೂರು ತಂದಿಲ್ಲ ತಾನೇ? ವನ್ಯಜೀವಿ ಕಾಯ್ದೆಯಲ್ಲಿ ಅದು ಹುಲಿಯ ಪಟ್ಟಿಯಲ್ಲೇ ಇದೆ.