ಚಕ್ರ ಸುತ್ತುತ್ತದೆ, ಕಾರು ಮುಂದೆ ಹೋಗುವುದಿಲ್ಲ

ಎಂಜಿನ್ನಿನ ಶಕ್ತಿ ಹೆಚ್ಚಿಸಿಕೊಂಡವರ ಪ್ರಶ್ನೆಗಳಿಗೆ ಇನ್ನು ಉತ್ತರಿಸುವುದಿಲ್ಲ ಎಂದು ತೀರ್ಮಾನಿಸಿದ್ದೆ. ಆದರೆ ಕೆಳಗಿನ ಮೊದಲ ಪ್ರಶ್ನೆ ಕಾರು ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಲೇ ಇದೆ, ಅದಕ್ಕೆ ಗ್ಯಾರೇಜು ಪಂಡಿತರು ಕೊಡುವ ಪರಿಹಾರಗಳು ಸಮಸ್ಯೆಗಿಂತ ಅಪಾಯಕಾರಿಯಾಗಿವೆ. ಬ್ರೇಕು ಸರಿಯಿದೆ, ಟೈರಿನ ಗಾಳಿ ನೋಡಿದ್ದೀರಿ ಎಂದೇ ಭಾವಿಸಿ ಬರೆಯುತ್ತಿದ್ದೇನೆ.

ಪ್ರಶ್ನೆ: ಮುಂಚಕ್ರ ಚಾಲನೆಯ ನನ್ನ ಹ್ಯಾಚ್‌ಬ್ಯಾಕ್‌ಗೆ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಟರ್ಬೊ ಅಳವಡಿಸಿದ್ದೇನೆ. ಟಾರ್ಕ್ (ಎಂಜಿನ್ನಿನ ತಿರುಗಿಸುವ ಬಲ) ಈಗ ಸುಮಾರು 200 ನ್ಯೂಟನ್ ಮೀಟರ್. ಮೊದಲ ಎರಡು ಗೇರುಗಳಲ್ಲಿ ಮುಂದಿನ ಚಕ್ರಗಳು ಸುಮ್ಮನೆ ಸುತ್ತುತ್ತವೆ, ಸ್ಟೀರಿಂಗ್ ಒಂದು ಕಡೆಗೆ ಎಳೆಯುತ್ತದೆ. ಅಗಲದ ಚಕ್ರ, ಅಗಲದ ಟೈರ್ ಹಾಕಿದರೂ ಪ್ರಯೋಜನವಾಗಲಿಲ್ಲ. ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ (ಬಲವನ್ನು ಎರಡು ಚಕ್ರಗಳಿಗೆ ಹಂಚುತ್ತ, ಒಂದೇ ಚಕ್ರ ಸುಮ್ಮನೆ ಸುತ್ತದಂತೆ ತಡೆಯುವ ಗೇರುಕೂಟ) ಹಾಕಿಸಿದರೆ ಸರಿಹೋಗುತ್ತದೆಯೇ?

ಉತ್ತರ: ಪೂರ್ತಿ ಸರಿಹೋಗುವುದಿಲ್ಲ. ಏಕೆಂದು ಲೆಕ್ಕ ಹಾಕಿ ನೋಡೋಣ. ಟರ್ಬೊ ಮಾರಿದವರು ಈ ಲೆಕ್ಕ ತೋರಿಸಿರಲಾರರು.

ಕಾರಿನ ತೂಕ 1100 ಕಿಲೋ, ಅದರಲ್ಲಿ ಶೇ 60 ಮುಂದಿನ ಚಕ್ರಗಳ ಮೇಲೆ ಎಂದಿಟ್ಟುಕೊಳ್ಳಿ. ನಿಂತಾಗ ಮುಂದೆ 660 ಕಿಲೋ ಭಾರವಿರುತ್ತದೆ. ಗುರುತ್ವ ಕೇಂದ್ರ ನೆಲದಿಂದ 55 ಸೆಂಟಿಮೀಟರ್ ಎತ್ತರದಲ್ಲಿದ್ದು, ಮುಂದಿನ ಹಿಂದಿನ ಚಕ್ರಗಳ ನಡುವೆ ಎರಡೂವರೆ ಮೀಟರ್ ಅಂತರವಿದ್ದರೆ, ಜೋರಾಗಿ ವೇಗ ಹೆಚ್ಚಿಸುವಾಗ ಸುಮಾರು 97 ಕಿಲೋ ಭಾರ ಹಿಂದಕ್ಕೆ ಸರಿಯುತ್ತದೆ. ಎಳೆಯಬೇಕಾದ ಚಕ್ರಗಳೇ ಹಗುರಾಗುತ್ತವೆ. ಮುಂಚಕ್ರ ಚಾಲನೆಯ ಹಣೆಬರಹವೇ ಅದು. ಉಳಿದ 560 ಕಿಲೋ ಭಾರದಲ್ಲಿ ಒಳ್ಳೆಯ ಟೈರ್ ಒಣ ರಸ್ತೆಯ ಮೇಲೆ ಹೆಚ್ಚೆಂದರೆ 5,000 ನ್ಯೂಟನ್‌ನಷ್ಟು ತಳ್ಳಬಲ್ಲದು.

ಈಗ ಎಂಜಿನ್ನಿನ ಕಡೆ ಬನ್ನಿ. ಮೊದಲ ಗೇರಿನ ಅನುಪಾತ 3.5, ಫೈನಲ್ ಡ್ರೈವಿನದು (ಚಕ್ರಕ್ಕೆ ಮುನ್ನ ಬರುವ ಕೊನೆಯ ಗೇರು ಜೋಡಿ) 4 ಇದ್ದರೆ ಟಾರ್ಕ್ 14 ಪಟ್ಟು ಆಗುತ್ತದೆ. 30 ಸೆಂಟಿಮೀಟರ್ ತ್ರಿಜ್ಯದ ಚಕ್ರದ ಅಂಚಿನಲ್ಲಿ ಅದು 9,300 ನ್ಯೂಟನ್. ಗೇರ್ ಬಾಕ್ಸಿನ ನಷ್ಟ ಕಳೆದರೂ ಟೈರಿನ ಶಕ್ತಿಗೆ ಬಹಳ ಮೀರಿದ್ದು. ಎರಡನೆಯ ಗೇರಿನಲ್ಲಿ ನೀವು ಮಿತಿಯ ಅಂಚಿನಲ್ಲಿದ್ದೀರಿ. ರಸ್ತೆ ತುಸು ತೇವವಾಗಿದ್ದರೆ ಅಷ್ಟೇ ಸಾಕು. ಮೂರನೆಯದರಲ್ಲಿ ಸುಮಾರು 3,500 ಮಾತ್ರ, ಹಾಗಾಗಿ ಅಲ್ಲಿ ಕಾರು ನೆಟ್ಟಗೆ ಓಡುತ್ತದೆ.

ಡಿಫರೆನ್ಷಿಯಲ್ ಹಿಡಿತವನ್ನು ಸೃಷ್ಟಿಸುವುದಿಲ್ಲ, ಇರುವ ಹಿಡಿತ ವ್ಯರ್ಥವಾಗದಂತೆ ನೋಡಿಕೊಳ್ಳುತ್ತದೆ. ತಿರುವಿನಲ್ಲಿ ಒಳಗಿನ ಚಕ್ರ ಹಗುರಾದಾಗ, ಒಂದು ಚಕ್ರ ಮರಳಿನ ಮೇಲಿದ್ದಾಗ ಅದರ ಬೆಲೆ ತಿಳಿಯುತ್ತದೆ. ನೇರ, ಸಮತಟ್ಟಾದ ರಸ್ತೆಯಲ್ಲಿ ಎರಡೂ ಚಕ್ರಗಳಿಗೆ ಹಿಡಿತ ಸಮನಾಗಿದ್ದರೆ ಅದು ನಿಮಗೆ ಕೊಡುವುದು ಬಹಳ ಕಡಿಮೆ.

ಆದ್ದರಿಂದ ಮೊದಲ ಕೆಲಸ, ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್) ಟ್ಯೂನ್ ಮಾಡುವವರಿಂದ ಮೊದಲೆರಡು ಗೇರುಗಳಲ್ಲಿ ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಇಳಿಸಿಸಿ. ‘ಅಷ್ಟು ಖರ್ಚು ಮಾಡಿ ಶಕ್ತಿ ಕಡಿಮೆ ಮಾಡುವುದೇ’ ಎಂದು ಕೇಳುತ್ತೀರಿ. ಹೊಗೆಯಾಗಿ ಹೋಗುವ ಶಕ್ತಿಯನ್ನು ಉಳಿಸಿಕೊಂಡು ಏನು ಮಾಡುತ್ತೀರಿ?

ಎರಡನೆಯದು ಟೈರು. ಅಗಲದ ಮಾತು ಬಿಡಿ. ನೆಲ ಮುಟ್ಟುವ ಜಾಗದ ವಿಸ್ತೀರ್ಣವನ್ನು ಬಹುಮಟ್ಟಿಗೆ ನಿರ್ಧರಿಸುವುದು ಭಾರ ಮತ್ತು ಗಾಳಿಯ ಒತ್ತಡ. ಅಗಲ ಹೆಚ್ಚಿದರೆ ಮುಖ್ಯವಾಗಿ ಆ ಜಾಗದ ಆಕಾರ ಬದಲಾಗುತ್ತದೆ. ಕೆಲಸ ಮಾಡುವುದು ರಬ್ಬರಿನ ಗುಣ. ಪಕ್ಕದಲ್ಲಿ ಟ್ರೆಡ್‌ವೇರ್ ಸಂಖ್ಯೆ ಇದ್ದರೆ ನೋಡಿ: 500ರ ಆಸುಪಾಸಿನದು ಬಾಳಿಕೆಗೆ, 200ರದು ಹಿಡಿತಕ್ಕೆ. ಈ ಸಂಖ್ಯೆಯನ್ನು ತಯಾರಕರೇ ನಮೂದಿಸುವುದರಿಂದ ಎರಡು ಕಂಪನಿಗಳ ಟೈರುಗಳನ್ನು ಹೋಲಿಸುವಾಗ ಕಣ್ಣುಮುಚ್ಚಿ ನಂಬಬೇಡಿ. ತಯಾರಿಕೆಯ ದಿನಾಂಕವನ್ನೂ ಓದಿ: 3521 ಎಂದಿದ್ದರೆ 2021ರ 35ನೇ ವಾರ. ಹಳೆಯ ರಬ್ಬರ್ ಗಟ್ಟಿಯಾಗಿರುತ್ತದೆ, ಅಂಗಡಿಯವರು ಹೊಸದೆಂದು ಎಷ್ಟು ಹೇಳಿದರೂ. ಇನ್ನೊಂದು ಮಾತು, ಇದರಲ್ಲಿ ನಾನು ಹಟಮಾರಿ: ಬದಲಿಸಿದರೆ ನಾಲ್ಕೂ ಬದಲಿಸಿ. ಮುಂದೆ ಗಟ್ಟಿ ಹಿಡಿಯುವ ಟೈರು, ಹಿಂದೆ ಸವೆದ ಟೈರು ಹಾಕಿಕೊಂಡು ತಿರುವಿನಲ್ಲಿ ಥಟ್ಟನೆ ಆಕ್ಸಿಲರೇಟರ್ ಬಿಟ್ಟರೆ ಕಾರಿನ ಹಿಂಭಾಗ ನಿಮ್ಮನ್ನು ದಾಟಿ ಮುಂದೆ ಬರಲು ನೋಡುತ್ತದೆ.

ಹೊರಡುವಾಗ ಮುಂಭಾಗ ಧಡಧಡ ಎಂದು ಕುಣಿಯುತ್ತಿದ್ದರೆ ಎಂಜಿನ್ ಮೌಂಟ್ ಮತ್ತು ಕಂಟ್ರೋಲ್ ಆರ್ಮ್ ಬುಷ್ (ಎಂಜಿನ್ನನ್ನೂ ಚಕ್ರದ ತೋಳನ್ನೂ ಹಿಡಿದಿಡುವ ರಬ್ಬರ್ ಭಾಗಗಳು) ಸೋತಿರಬಹುದು. ಕುಣಿಯುವ ಟೈರು ನೆಲ ಕಚ್ಚುವುದಿಲ್ಲ, ಬಲವನ್ನು ಚಕ್ರಕ್ಕೆ ಒಯ್ಯುವ ಡ್ರೈವ್ ಶಾಫ್ಟ್ ಮುರಿಯಲೂಬಹುದು. ಅವನ್ನು ಗಟ್ಟಿ ರಬ್ಬರಿಗೆ ಬದಲಿಸಿದರೆ ಕಂಪನ ಒಳಗೆ ಬರುತ್ತದೆ, ಸಹಿಸಿಕೊಳ್ಳಿ. ಬುಷ್ ಬದಲಿಸಿದ ಮೇಲೆಯೇ ಅಲೈನ್‌ಮೆಂಟ್ ಮಾಡಿಸಿ. ತಿರುವಿಗೆಂದು ಕ್ಯಾಂಬರ್ (ಚಕ್ರದ ಮೇಲ್ತುದಿಯ ಓರೆ) ಅತಿಯಾಗಿ ಒಳಕ್ಕೆ ವಾಲಿಸಿದರೆ ನೇರ ಓಟದಲ್ಲಿ ಟೈರಿನ ಒಳ ಅಂಚೇ ಹೆಚ್ಚು ದುಡಿಯುತ್ತದೆ.

ಸ್ಟೀರಿಂಗ್ ಎಳೆತ: ಎಡಬಲದ ಡ್ರೈವ್ ಶಾಫ್ಟ್‌ಗಳ ಉದ್ದ ಬೇರೆಯಾಗಿದ್ದರೆ ಟಾರ್ಕ್ ಹೆಚ್ಚಿದಂತೆ ಅದು ಎದ್ದು ಕಾಣುತ್ತದೆ. ನಿಮ್ಮ ಅಗಲದ ಚಕ್ರಗಳು ಮೂಲ ಚಕ್ರಗಳಿಗಿಂತ ಹೊರಗೆ ಚಾಚಿದ್ದರೆ ಆ ರೋಗವನ್ನು ನೀವೇ ಉಲ್ಬಣಗೊಳಿಸಿದ್ದೀರಿ. ಚಕ್ರವನ್ನು ಹೊರಗೆ ತಳ್ಳುವ ಬಿಲ್ಲೆ, ಅಂದರೆ ಸ್ಪೇಸರ್ ಹಾಕಿದ್ದರೆ ತೆಗೆದುಹಾಕಿ.

ಇಷ್ಟಾದ ಮೇಲೂ ತಿರುವಿನಿಂದ ಹೊರಬರುವಾಗ ಒಳಚಕ್ರ ಸುತ್ತಿದರೆ ಡಿಫರೆನ್ಷಿಯಲ್ ಹಾಕಿಸಿ. ರಸ್ತೆಗೆ ಹೆಲಿಕಲ್ (ಓರೆಹಲ್ಲಿನ) ಗೇರಿನದು ಸಾಕು. ಒಂದು ಚಕ್ರ ಪೂರ್ತಿ ನೆಲ ಬಿಟ್ಟರೆ ಅದು ಕೈಚೆಲ್ಲುತ್ತದೆ ಎಂಬುದು ನೆನಪಿರಲಿ. ಕ್ಲಚ್ ಪ್ಲೇಟಿನದು ಪ್ಲೇಟುಗಳ ಸವೆತ ಮತ್ತು ಎಣ್ಣೆಯ ಉಪಚಾರ ಬೇಡುತ್ತದೆ, ಸ್ಟೀರಿಂಗ್ ಅನ್ನು ಇನ್ನಷ್ಟು ಜಗ್ಗುತ್ತದೆ. ಅದು ರೇಸ್ ಪಥಕ್ಕೆ. ಡಿಫರೆನ್ಷಿಯಲ್ ಅನ್ನೇ ವೆಲ್ಡ್ ಮಾಡಿಕೊಡುತ್ತೇನೆ ಎನ್ನುವವರ ಗ್ಯಾರೇಜಿನಿಂದ ಕಾರಿನ ಕೀಲಿ ತೆಗೆದುಕೊಂಡು ಹೊರಬನ್ನಿ.

ಪ್ರಶ್ನೆ: ಡಿಕ್ಕಿಯಲ್ಲಿ ಮರಳಿನ ಮೂಟೆ ಇಟ್ಟರೆ ಹಿಡಿತ ಹೆಚ್ಚುತ್ತದೆಯೇ?

ಉತ್ತರ: ಅದು ಹಿಂಚಕ್ರ ಚಾಲನೆಯವರ ಉಪಾಯ. ನಿಮ್ಮ ಕಾರಿನಲ್ಲಿ ಹಿಂದಿನ ಆಕ್ಸಲ್‌ನಿಂದಾಚೆ ಭಾರ ಹೇರಿದರೆ ಏತದಂತೆ ಮುಂಭಾಗ ಏಳುತ್ತದೆ. ಹಿಂಬದಿಯ ದೊಡ್ಡ ರೆಕ್ಕೆಯ ಬಗ್ಗೆ ಕೇಳಿದವರಿಗೂ ಇದೇ ಉತ್ತರ.

ಪ್ರಶ್ನೆ: ಟೈರಿಗೆ ಹಚ್ಚಿ ಮೃದುಗೊಳಿಸುವ ದ್ರವ ಒಳ್ಳೆಯದೇ?

ಉತ್ತರ: ರಸ್ತೆಯ ಕಾರಿಗೆ ಬೇಡವೇ ಬೇಡ. ರಬ್ಬರನ್ನು ಕರಗಿಸುವ ರಾಸಾಯನಿಕವನ್ನು ನಿಮ್ಮ ಜೀವ ಹೊತ್ತ ವಸ್ತುವಿಗೆ ಬಳಿಯಲು ಹೇಳುವವರು ವ್ಯಾಪಾರಿಗಳು, ತಜ್ಞರಲ್ಲ.

ಪ್ರಶ್ನೆ: ಮುಂದಿನ ಟೈರುಗಳ ಗಾಳಿ ಅರ್ಧಕ್ಕೆ ಇಳಿಸಲೇ?

ಉತ್ತರ: ಬೇಡ. ಟೈರಿನ ಪಕ್ಕದ ಗೋಡೆ ಬಿಸಿಯಾಗಿ ಸಿಡಿಯಬಹುದು.

ಪ್ರಶ್ನೆ: ಸ್ಪ್ರಿಂಗ್ ಕತ್ತರಿಸಿ ಕಾರನ್ನು ತಗ್ಗಿಸಿದರೆ?

ಉತ್ತರ: ಮೇಲಿನ ಲೆಕ್ಕದಲ್ಲಿ ಗುರುತ್ವ ಕೇಂದ್ರವನ್ನು 3 ಸೆಂಟಿಮೀಟರ್ ಇಳಿಸಿ ನೋಡಿ. ಹಿಂದಕ್ಕೆ ಸರಿಯುವ ಭಾರದಲ್ಲಿ ಕಡಿಮೆಯಾಗುವುದು ಐದಾರು ಕಿಲೋ ಮಾತ್ರ. ಅದಕ್ಕಾಗಿ ಸಸ್ಪೆನ್ಷನ್ ಪ್ರತಿ ಉಬ್ಬಿಗೂ ತಡೆಯ ರಬ್ಬರಾದ ಬಂಪ್ ಸ್ಟಾಪ್‌ಗೆ ಬಡಿಯುತ್ತದೆ, ಬಡಿದಾಗಲೆಲ್ಲ ಚಕ್ರ ನೆಲ ಬಿಡುತ್ತದೆ. ಐದಾರು ಕಿಲೋ ಬೇಕಿದ್ದರೆ ಡಿಕ್ಕಿಯಲ್ಲಿರುವ ಸ್ಪೀಕರ್ ಪೆಟ್ಟಿಗೆ ಕೆಳಗಿಳಿಸಿ.